ಕಾರಿನೊಳಗೆ ಕೂತವರಿಗೆ

ಮಕ್ಕಳೇ, ನಿಮ್ಮ ತಾತನ ತಂಗಿ ನಮ್ಮ ಕಾರನ್ನು ಯಾಕೆ ಹತ್ತುವುದಿಲ್ಲ ಎಂದು ನೀವು ಹಲವು ಸಲ ಕೇಳಿದ್ದೀರಿ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ತಾತ ಹೋದ ಮೇಲೆ ಕಾರು ನಿಮ್ಮ ಅಪ್ಪನ ಹೆಸರಿಗಾಯಿತು. ಇನ್ಶೂರೆನ್ಸ್ ಕಟ್ಟಲು ಅವನು ಹೊಳೆನರಸೀಪುರಕ್ಕೆ ಹೊರಟ ದಿನ, ಕಣ್ಣು ತೋರಿಸಬೇಕೆಂದು ನಾನೂ ಜೊತೆಗೆ ಹೋಗಿದ್ದೆ. ಏಜೆಂಟರ ಅಂಗಡಿಯ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದೆ. "ಹಳೇ ಗಾಡಿ ಸಾ, ಥರ್ಡ್ ಪಾರ್ಟಿ ಸಾಕು. ಪೊಲೀಸ್ನೋರು ಇಡಿದ್ರೆ ತೋರ್ಸಾಕೆ ಒಂದ್ ಪೇಪರ್ ಇದ್ರಾಯ್ತು" ಅಂದ ನಿಮ್ಮ ಅಪ್ಪ.

ಹಾಗಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಕೇಳಲೋ ಬೇಡವೋ ಎಂದುಕೊಂಡೇ ಕೇಳಿದೆ. "ಕಾರೊಳ್ಗೆ ಕೂತಿರೋರ್ಗೆ ಏನಾರಾ ಆದ್ರೆ ಸಾ?"

"ಅದು ಇದರಲ್ಲಿ ಬರಲ್ಲ ಅಮ್ಮ. ನಿಮ್ ಕಾರು ಬೇರೆಯವ್ರಿಗೆ ಹೊಡೆದ್ರೆ ಅವ್ರಿಗೆ ಕಂಪನಿ ಕೊಡುತ್ತೆ. ನಿಮ್ ಕಾರಿಗೂ ಇಲ್ಲ, ಒಳಗೆ ಕೂತ ನಿಮ್ ನೆಂಟರಿಗೂ ಇಲ್ಲ. ಅವೆರಡೂ ಬೇಕಂದ್ರೆ ಫುಲ್ ಇನ್ಶೂರೆನ್ಸ್ ಮಾಡಿಸ್ಬೇಕು" ಅಂದರು ಏಜೆಂಟರು.

ನಮ್ಮ ಕಾರು ಎಂದಾದರೂ ಖಾಲಿ ಹೋಗಿದ್ದುಂಟೇ? ಹಳೇಕೋಟೆ ದಾಟುವುದರೊಳಗೆ ಆಸ್ಪತ್ರೆಗೆ ಹೊರಟ ಬಸುರಿಯೋ, ಸಂತೆಗೆ ಹೊರಟ ಮುದುಕನೋ ಕೈ ಅಡ್ಡ ಹಿಡಿಯುತ್ತಿದ್ದರು. ತಾತ ನಿಲ್ಲಿಸುತ್ತಿದ್ದರು. ರಸ್ತೆಯಲ್ಲಿ ಹೋಗುವವನಿಗೆ ಉಂಟು, ನಾವೇ ಕರೆದು ಕೂರಿಸಿಕೊಂಡವರಿಗೆ ಇಲ್ಲ ಅನ್ನುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ.

"ಫುಲ್ಲೇ ಮಾಡ್ಸು ಮಗ" ಅಂದೆ.

"ನಮ್ಮವ್ವ ವರ್ಷಕ್ಕೊಂದ್ ಮಾತಾಡದು. ಮಾಡ್ಬುಡಿ ಸಾ" ಎಂದು ನಿಮ್ಮ ಅಪ್ಪ ನಕ್ಕ.

ಏಜೆಂಟರು ಹೊರಡುವಾಗ ಇನ್ನೊಂದು ಮಾತು ಹೇಳಿದರು. ಮನೆ ಕಾರಿನಲ್ಲಿ ದುಡ್ಡು ತೆಗೆದುಕೊಂಡು ಜನರನ್ನು ಕೂರಿಸಬಾರದು, ಅದು ಬಾಡಿಗೆ ಆಗುತ್ತದೆ, ಆಗ ಕಂಪನಿಯವರು ಕೈ ಎತ್ತುತ್ತಾರೆ ಅಂತ. ನಾವೆಲ್ಲಿ ಬಾಡಿಗೆ ಓಡಿಸುತ್ತೇವೆ ಎಂದು ಅದನ್ನು ಅಲ್ಲೇ ಬಿಟ್ಟು ಬಂದೆವು.

ನಿಮ್ಮ ತಾತನ ತಂಗಿ, ಅಂದರೆ ನನ್ನ ನಾದಿನಿಯನ್ನು ಕೊಟ್ಟಿರುವುದು ನುಗ್ಗೇಹಳ್ಳಿ ಕಡೆಗೆ. ತಾತ ಇರುವ ತನಕ ಅಣ್ಣನ ಕಾರು ಅವಳದೇ ಆಗಿತ್ತು. ಅವರು ಹೋದ ಮೇಲೆ, ಅವರೆಕಾಯಿ ಕಾಲದಲ್ಲಿ ಬಂದು ನಾಲ್ಕು ದಿನ ಇದ್ದು ಹೊರಟವಳು, ಡೀಸೆಲ್ಲಿಗೆಂದು ನಿಮ್ಮ ಅಪ್ಪನ ಕೈಗೆ ನೋಟು ತುರುಕಿದಳು. ಬೇಡವೆಂದರೆ ಕೇಳಲಿಲ್ಲ.

"ಅಣ್ಣನ್ ಕಾಲ ಬ್ಯಾರೆ ಕಣತ್ತಿಗೆ. ಈಗ ಪುಕ್ಕಟೆ ಕೂತ್ರೆ ನಿನ್ ಸೊಸೆ ಮುಂದೆ ನಾನ್ ಅಗುರಾಗ್ತೀನಿ. ಇಸ್ಕಳದಿಲ್ವಾ, ಬಸ್ಸಿಗೆ ಓಯ್ತೀನಿ."

ನಿಮ್ಮ ಅಪ್ಪ ಈಸಿಕೊಂಡು ನನಗೆ ತಂದುಕೊಟ್ಟ. ಹೆಣ್ಣುಮಗಳ ದುಡ್ಡನ್ನು ತವರು ಹೇಗೆ ಇಟ್ಟುಕೊಳ್ಳುತ್ತದೆ? ಹೊರಡುವಾಗ ಮಡಿಲು ತುಂಬಿ ಕಳಿಸುವುದು ನಮ್ಮ ಪದ್ಧತಿ. ಗಂಡ ಸತ್ತವಳು ನಾನು ತುಂಬುವ ಹಾಗಿಲ್ಲ, ನಿಮ್ಮ ಅಮ್ಮ ತುಂಬಿದಳು. ನಾನು ಒಳಗೇ ನಿಂತು ಅಕ್ಕಿ, ಬೆಲ್ಲ, ಕೊಬ್ಬರಿ ಹೊಂದಿಸಿ ಕೊಟ್ಟೆ. ಅಕ್ಕಿ ಚೀಲದ ತಳಕ್ಕೆ ಆ ನೋಟನ್ನು ಮಡಿಸಿ ಹಾಕಿದ್ದೆ. ಮನೆಯಲ್ಲಿ ಅಕ್ಕಿ ಸುರಿದಾಗ ಸಿಗಲಿ, ಬೈದರೆ ಫೋನಿನಲ್ಲಿ ಬೈಯಲಿ ಎಂದುಕೊಂಡೆ.

ನಿಮ್ಮ ಅಪ್ಪ ಅವಳನ್ನು ಕಾರಿನಲ್ಲಿ ಬಿಟ್ಟು ಬರಲು ಹೊರಟ. ಚನ್ನರಾಯಪಟ್ಟಣ ದಾಟಿದ ಮೇಲೆ ಯಾರೋ ಹುರುಳಿ ಗಿಡವನ್ನು ರಸ್ತೆಗೇ ಹರಡಿದ್ದರಂತೆ. ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ಎಲ್ಲರೂ ಮಾಡುತ್ತಾರೆ, ನಾವೂ ಮಾಡಿದ್ದೇವೆ. ಕಾರು ಅದರ ಮೇಲೆ ಜಾರಿ ಮೋರಿ ಕಟ್ಟೆಗೆ ಹೊಡೆಯಿತು. ನಿಮ್ಮ ಅಪ್ಪನಿಗೆ ತರಚು ಗಾಯ. ನಾದಿನಿಗೆ ತೊಡೆಯ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಆಯಿತು. ಆ ಖರ್ಚು ಅವಳ ಮನೆಯವರ ಕೈಮೀರಿದ್ದು. ಫುಲ್ ಇನ್ಶೂರೆನ್ಸ್ ಇದೆ, ಕಂಪನಿ ಕೊಡುತ್ತದೆ ಎಂದು ನಿಮ್ಮ ಅಪ್ಪ ಧೈರ್ಯ ಹೇಳಿದ. ಪರಿಹಾರಕ್ಕೆಂದು ಕೋರ್ಟಿಗೆ ಅವಳ ಅರ್ಜಿಯೂ ಹೋಯಿತು.

ಕಂಪನಿಯಿಂದ ಒಬ್ಬರು ವಿಚಾರಣೆಗೆ ಬಂದ ದಿನ ನಾನು ನಾದಿನಿಯ ಮನೆಯಲ್ಲೇ ಇದ್ದೆ. ಅವರು ಮಂಚದ ಪಕ್ಕ ಕೂತು ನಯವಾಗಿ ಕೇಳಿದರು. "ಕಾರಲ್ಲಿ ಸುಮ್ನೆ ಬರ್ತಿದ್ರಾ ಅಮ್ಮ, ದುಡ್ಡೇನಾದ್ರೂ ಕೊಟ್ಟಿದ್ರಾ?"

ಅಷ್ಟು ನೋವಿನಲ್ಲೂ ಅವಳು ತಲೆ ಎತ್ತಿದಳು. "ಪುಕ್ಕಟೆ ಓಗೋ ಪೈಕಿ ಅಲ್ಲ ಸಾ ನಾನು. ಡೀಸೆಲ್ಗೆ ಕೊಟ್ಟೇ ಅತ್ತಿದ್ದು."

ಅವರು ಬರೆದುಕೊಳ್ಳತೊಡಗಿದರು. ದುಡ್ಡು ಈಸಿಕೊಂಡರೆ ಬಾಡಿಗೆ ಆಗುತ್ತದೆ ಎಂದು ಏಜೆಂಟರು ಹೇಳಿದ್ದು ನನಗೆ ನೆನಪಾಯಿತು. ಪರ ಗಂಡಸರ ಮುಂದೆ ನಾನು ಮಾತಾಡಿದವಳಲ್ಲ. ಆದರೂ ಬಾಗಿಲ ಮರೆಯಿಂದ ಈಚೆ ಬಂದೆ. "ಆ ದುಡ್ಡ ನಾವು ಇಟ್ಕಂಡಿಲ್ಲ ಸಾ. ಮಡ್ಲಕ್ಕಿ ಜೊತೇಲಿ ವಾಪಸ್ ಕಳ್ಸಿವ್ನಿ."

ಚೀಲ ಇನ್ನೂ ದೇವರ ಮೂಲೆಯಲ್ಲಿತ್ತು. ತಂದವಳು ಎದ್ದು ಓಡಾಡುವ ತನಕ ತವರಿನ ಅಕ್ಕಿ ಬೇಯಿಸುವುದು ಬೇಡವೆಂದು ಯಾರೂ ಬಿಚ್ಚಿರಲಿಲ್ಲ. ಅವರ ಎದುರಿಗೇ ಮೊರಕ್ಕೆ ಸುರಿದೆ. ಅಕ್ಕಿಗೆ ನುಸಿ ಬಿದ್ದಿತ್ತು. ಕಡೆಗೆ ನೋಟೂ ಉದುರಿತು.

"ಇದನ್ನ ನಿನ್ನೆ ಕೂಡ ಇಟ್ಟಿರಬಹುದಲ್ಲಮ್ಮ" ಅಂದರು ಅವರು. ಸಿಟ್ಟಿನಿಂದ ಅಂದದ್ದಲ್ಲ. ನಾನು ಹೇಳಿದ್ದನ್ನೂ ಬರೆದುಕೊಂಡು ಹೋದರು.

ನಾದಿನಿ ಗೋಡೆ ಕಡೆ ಮುಖ ಮಾಡಿದ್ದಳು. "ನನ್ ದುಡ್ಡು ನಿಂಗೆ ಬ್ಯಾಡ್ವಾಗಿತ್ತಾ ಅತ್ತಿಗೆ?"

"ತವ್ರು ಇಸ್ಕತದೇನವ್ವ?"

"ಅಂಗಾದ್ರೆ ನನ್ ಮುಖುಕ್ಕೇ ಏಳ್ಬೇಕಿತ್ತು."

ನಾನು ಮೊರ ಹಿಡಿದು ಅಕ್ಕಿಯ ನುಸಿ ಆರಿಸತೊಡಗಿದೆ.

ಕೇಸು ಇನ್ನೂ ನಡೆಯುತ್ತಿದೆ. ಅವಳು ದುಡ್ಡು ಕೊಟ್ಟು ಕೂತವಳು ಎಂದೇ ಕಂಪನಿಯ ವಕೀಲರ ವಾದ. ಕಾರನ್ನು ನಿಮ್ಮ ಅಪ್ಪನೇ ಕೈಯಿಂದ ದುಡ್ಡು ಹಾಕಿ ಹಾಸನದಲ್ಲಿ ರಿಪೇರಿ ಮಾಡಿಸಿಕೊಂಡು ಬಂದ. ಹೋದ ತಿಂಗಳು ಅವಳು ಕೋಲೂರಿಕೊಂಡು, ಬಸ್ಸಿನಲ್ಲಿ ನಮ್ಮ ಮನೆಗೆ ಬಂದಳು.

"ಯಾಕತ್ತೆ, ಫೋನ್ ಮಾಡಿದ್ರೆ ಕಾರ್ ತತ್ತಿದ್ನಲ್ಲ" ಅಂದ ನಿಮ್ಮ ಅಪ್ಪ.

"ದುಡ್ ಕೊಟ್ರೆ ಬಾಡಿಗೆ ಅಂತಾರೆ. ಕೊಡ್ದೆ ನಾನ್ ಕೂರಾಕಿಲ್ಲ. ಇನ್ನೇನ್ ಮಾಡ್ಲಿ ಏಳ್ಲಾ."

"ಬಸ್ನಾಗೂ ಎಂಗಸ್ರಿಗೆ ಪುಕ್ಕಟೇನೇ ಅಲ್ವಾ?"

"ಅದು ಸರ್ಕಾರುದ್ದು ಕಣ್ಲಾ. ಸರ್ಕಾರ ನನ್ ಅತ್ತಿಗೆ ಅಲ್ಲ."

ನಿಮ್ಮ ಅಪ್ಪ ನಕ್ಕ. ಅವಳೂ ನಕ್ಕಳು. ಸಂಜೆ ನಿಮ್ಮ ಅಮ್ಮ ಮಡಿಲು ತುಂಬಿದ ಮೇಲೆ ನಾನೇ ಅವಳ ಅಕ್ಕಿ ಚೀಲ ಹಿಡಿದು ಬಸ್ ಸ್ಟಾಪಿನ ತನಕ ಹೋದೆ. ಹತ್ತುವ ಮೊದಲು ಅವಳು ಚೀಲದ ಬಾಯಿ ಬಿಚ್ಚಿ ಅಕ್ಕಿಯೊಳಗೆ ಕೈ ಹಾಕಿ, ತಳದವರೆಗೂ ತಡಕಿ ನೋಡಿದಳು.