ಗುಡುಗಿದರೆ ಪ್ಲಗ್ಗು ಕೀಳಬೇಕು

ಗೆಳೆಯರೇ, ಇವತ್ತು ಹೊಸನಗರದ ಒಂದು ಕಾಲೇಜಿನಲ್ಲಿ ಕೆಟ್ಟು ಕೂತ ಸರ್ವರ್ ರಿಪೇರಿಗೆ ಹೋಗಿದ್ದೆ. ಮಕ್ಕಳ ಅಂಕಗಳೆಲ್ಲ ಅದರ ಡಿಸ್ಕಿನಲ್ಲಿವೆ, ನಾಳೆ ಬೆಳಿಗ್ಗೆಯೇ ಅಂಕಪಟ್ಟಿ ಕೊಡಬೇಕು. ಮೂರು ಗಂಟೆ ನಡೆದ ಡಿಸ್ಕ್ ತಪಾಸಣೆ ಇನ್ನೇನು ಮುಗಿಯುವುದರಲ್ಲಿತ್ತು. ದೂರದಲ್ಲೆಲ್ಲೋ ಗುಡುಗಿತು. ಆಫೀಸಿನ ಶಾರದಕ್ಕ ಓಡಿ ಬಂದವರೇ ಸರ್ವರಿನ ಪ್ಲಗ್ಗನ್ನು ಯುಪಿಎಸ್‌ನಿಂದಲೇ ಕಿತ್ತರು.

"ಅಕ್ಕಾ, ಎಂತ ಮಾಡಿದ್ರಿ!"

"ಸಿಡ್ಲು ಹೊಡ್ದು ಸುಟ್ಟು ಹೋದ್ರೆ ಎಂತ ಮಾಡ್ತೀರಿ ಮಾರಾಯ್ರೇ? ಗುಡುಗಿದಾಗೆಲ್ಲ ನಾನೇ ಕೀಳೋದು. ಈ ವಾರದಲ್ಲೇ ನಾಕು ಸಲ ಕಿತ್ತೀನಿ!"

ಅಂಕಗಳು ನನ್ನ ಅಂಕೆಯಲ್ಲಿಲ್ಲ. ತಪಾಸಣೆ ಮತ್ತೆ ಮೊದಲಿನಿಂದ ಶುರು. ಆದರೆ ಬೆಳಗಿನಿಂದ ನಾನು ಡಿಸ್ಕಿನೊಳಗೆ ಹುಡುಕುತ್ತಿದ್ದ ದೋಷ ಕೊನೆಗೂ ಸಿಕ್ಕಿತು. ಅದು ನನ್ನೆದುರೇ ಪ್ಲಗ್ಗು ಹಿಡಿದು ನಿಂತು, "ಚಾ ಕುಡೀತೀರಾ?" ಎಂದು ಪ್ರೀತಿಯಿಂದ ವಿಚಾರಿಸಿತು.