ಬೆಳಕಿನ ಎಳೆಯಲ್ಲಿ ಬಂದ ನುಡಿ

ಮೊದಲಿಗೊಂದು ತಪ್ಪೊಪ್ಪಿಗೆ. ಇಂಥ ಪ್ರಸಂಗಗಳನ್ನು ಬೇರೆಯವರು ಬರೆದಾಗ ಓದಿ ನಕ್ಕವನು ನಾನು. ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಬಹುಕಾಲ ಗುಮಾಸ್ತನಾಗಿ ಕೂತವನಿಗೆ ದೆವ್ವ ಪ್ರೇತಗಳ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಸತ್ತು ಮೂವತ್ತು ವರ್ಷವಾದವರ ಹೆಸರು ಪಹಣಿಯಲ್ಲಿ ನೆಮ್ಮದಿಯಾಗಿ ಬದುಕಿರುವುದನ್ನು ದಿನಾ ನೋಡುತ್ತಿದ್ದೆ. ಆದರೆ ಅವರಲ್ಲಿ ಒಬ್ಬರಾದರೂ ಖುದ್ದು ಹಾಜರಾಗಿ ಹೇಳಿಕೆ ಕೊಟ್ಟದ್ದು ಕಾಣೆ. ಸತ್ತವರು ಮಾತಾಡುವುದಿಲ್ಲ ಎಂಬುದು ನನ್ನ ಮಟ್ಟಿಗೆ ಕಡತಗಳಿಂದಲೇ ರುಜುವಾತಾದ ಸಂಗತಿಯಾಗಿತ್ತು. ಈಗ ಹೇಳುವುದನ್ನು ನೀವು ನಂಬಬೇಕೆಂದು ನನ್ನ ಒತ್ತಾಯವಿಲ್ಲ. ನಾನೇ ಪೂರ್ತಿ ನಂಬಿದ್ದೇನೋ ಇಲ್ಲವೋ ಎಂದು ಇನ್ನೂ ತೀರ್ಮಾನವಾಗಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೀಡಿ, ಇಸ್ಪೀಟು ಎರಡೂ ಇಲ್ಲದ ನನಗೆ ಹಾಡು ಕೇಳುವ ಒಂದು ಚಟವಿತ್ತು. ಮುಂದಿನ ಕೋಣೆಯಲ್ಲಿ ಒಂದು ಆಂಪ್ಲಿಫಯರ್, ಹಲಸಿನ ಹಲಗೆಯ ಎರಡು ಸ್ಪೀಕರ್ ಪೆಟ್ಟಿಗೆ. ಇವುಗಳ ಜೊತೆಗೆ ನಾನು ಕರೆಯದೆಯೇ ಬಂದು ನೆಲೆಸಿದ ಮೂರನೆಯದೊಂದಿತ್ತು. ಅದು ‘ಗೂಂ’ ಎಂಬ ಶಬ್ದ. ನಮ್ಮ ಮನೆಗೂ ಹಿಟ್ಟಿನ ಗಿರಣಿಗೂ ಒಂದೇ ಗೋಡೆ. ಗಿರಣಿಯ ಮೋಟಾರು ಓಡಿದರೆ ನನ್ನ ಸ್ಪೀಕರಿನಲ್ಲಿ ಗೂಂಕಾರ ಎರಡು ಪಟ್ಟಾಗುತ್ತಿತ್ತು. ನಿಂತಾಗಲೂ ಪೂರ್ತಿ ಹೋಗುತ್ತಿರಲಿಲ್ಲ, ದೂರದಲ್ಲಿ ಯಾರೋ ಗೊರಕೆ ಹೊಡೆದಂತೆ ಇದ್ದೇ ಇರುತ್ತಿತ್ತು. ಅರ್ಥಿಂಗ್ ಸರಿಯಿಲ್ಲವೆಂದು ಯಾರೋ ಅಂದರು. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ, ದಿನವೂ ಬೆಳಿಗ್ಗೆ ಒಂದು ಕೊಡ ನೀರು ಹಾಕತೊಡಗಿದೆ.

“ದಾಸವಾಳದ ಗಿಡಕ್ಕೆ ಒಂದಿನ ನೀರು ಹಾಕಿದ್ದುಂಟಾ? ಆ ಗುಂಡಿಗೆ ಮಾತ್ರ ನಿತ್ಯ ಅಭಿಷೇಕ” ಎಂದು ನನ್ನ ಹೆಂಡತಿ ಗಿರಿಜಾ ಹಂಗಿಸುತ್ತಿದ್ದಳು. ಗಿರಣಿಯ ನಾಗಪ್ಪನಂತೂ ಬೀದಿಯಲ್ಲಿ ನಿಲ್ಲಿಸಿ ಕೇಳಿದ್ದ: “ಏನ್ರಿ ಸಾಹೇಬ್ರ, ನಿಮ್ಮ ಪೆಟ್ಟಿಗ್ಯಾಗ ನಮ್ಮ ಗಿರಣಿನೂ ಹಾಡ್ತತಂತ? ನಮಗೂ ಒಂದು ಕ್ಯಾಸೆಟ್ ಮಾಡಿಕೊಡ್ರಿ, ಮಂದಿಗೆ ಕೇಳಸ್ತೀನಿ.”

ಇದೆಲ್ಲ ನಗೆಯ ಮಾತಾಗಿಯೇ ಉಳಿಯುತ್ತಿತ್ತು. ಗಿರಿಜಾಳ ತಂಗಿ ಶೋಭಾಳ ಮದುವೆ ನಿಶ್ಚಯವಾಗದೇ ಹೋಗಿದ್ದರೆ.

ಗಿರಿಜಾಳ ತವರು ಸೊರಬ. ಅವರ ಮನೆತನದಲ್ಲೊಂದು ಪದ್ಧತಿ. ಮದುಮಗಳಿಗೆ ಅರಿಶಿಣ ಹಚ್ಚುವಾಗ ಹೆಂಗಸರೆಲ್ಲ ಸೇರಿ ಒಂದು ಹಾಡು ಹೇಳುತ್ತಾರೆ. ಅದರ ನುಡಿಗಳೆಲ್ಲ ಹಳೆಯವು, ಎಲ್ಲರಿಗೂ ಬರುತ್ತವೆ. ಕೊನೆಯ ನುಡಿಯೊಂದನ್ನು ಮಾತ್ರ ಹುಡುಗಿಯ ತಾಯಿ ತಾನೇ ಕಟ್ಟಬೇಕು, ಅದರಲ್ಲಿ ಮಗಳ ಹೆಸರಿರಬೇಕು, ಆ ದಿನದವರೆಗೆ ಯಾರಿಗೂ ಹೇಳಬಾರದು. ತಾಯಿ ಇಲ್ಲದ ಹುಡುಗಿಯಾದರೆ ಹಾಡು ಅಲ್ಲಿಗೇ ತುಂಡು. ಬೇರೆಯವರು ಕಟ್ಟುವಂತಿಲ್ಲ. ನನ್ನ ಅತ್ತೆಯವರು ತೀರಿಕೊಂಡಾಗ ಶೋಭಾಳಿಗೆ ಹನ್ನೆರಡು ವರ್ಷ. ಅಣ್ಣನ ಮನೆಯಲ್ಲಿ ಬೆಳೆದ ಆ ಹುಡುಗಿ ಮದುವೆಗೆ ಒಂದೇ ಕರಾರು ಹಾಕಿದ್ದಳು: “ಅರ್ಧಕ್ಕೆ ನಿಲ್ಲೋ ಹಾಡು ನಂಗೆ ಬ್ಯಾಡಕ್ಕ. ಎಲ್ಲಾರೂ ನನ್ನ ಮುಖ ನೋಡ್ತಾರೆ. ಹಾಡೇ ಬ್ಯಾಡ ಅಂತ ಹೇಳಿಬಿಡು.”

ಗಿರಿಜಾ ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದಳು. ಶಾಲಾ ಮಾಸ್ತರರಾಗಿದ್ದ ಮಾವನವರು ಎಲ್ಲಿಂದಲೋ ಹಳೆಯದು ತಂದಿದ್ದ, ಸುರುಳಿ ಟೇಪಿನ ಸ್ಪೂಲ್ ರೆಕಾರ್ಡರ್ ಅದು. ನಮ್ಮ ಮದುವೆಯ ಅರಿಶಿಣದ ದಿನ ಅತ್ತೆಯವರ ಹಾಡನ್ನು ಅದರಲ್ಲಿ ಹಿಡಿದಿಟ್ಟಿದ್ದರು. ಗಿರಿಜಾಳಿಗಾಗಿ ಕಟ್ಟಿದ ನುಡಿ ಅದರಲ್ಲಿತ್ತು. ಅದು ಗಿರಿಜಾಳಿಗೇ ನೆನಪಿರಲಿಲ್ಲ, ಮದುಮಗಳು ಆ ಹೊತ್ತಿನಲ್ಲಿ ಅಳುವುದರಲ್ಲಿ ತೊಡಗಿದ್ದಳಂತೆ. ಅವ್ವ ಹೇಗೆ ಕಟ್ಟಿದ್ದಳು ಎಂದು ಒಮ್ಮೆ ಕೇಳಿದರೆ, ಪದ್ಧತಿ ಮುರಿದಾದರೂ ಅದೇ ಅಚ್ಚಿನಲ್ಲಿ ತಂಗಿಗೊಂದು ಕಟ್ಟಬಹುದು ಎಂಬುದು ಅವಳ ಆಸೆ.

ರೆಕಾರ್ಡರಿನ ಸ್ವಂತ ಸ್ಪೀಕರನ್ನು ಇಲಿ ತಿಂದು ಮುಗಿಸಿತ್ತು. ನನ್ನ ಆಂಪ್ಲಿಫಯರಿಗೆ ಜೋಡಿಸಿದೆ. ಗೂಂಕಾರವೆಂದರೆ ಗೂಂಕಾರ! ಅತ್ತೆಯವರದು ತಗ್ಗು ದನಿ, ಕೊನೆಯ ನುಡಿಯನ್ನಂತೂ ಮಗಳ ಕಿವಿಯಲ್ಲಿ ಹೇಳಿದಂತೆ ಹಾಡಿದ್ದರು. ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ ಗಿರಿಜಾ ಕೊನೆಗೆ ಎದ್ದು, “ಅವ್ವನ್ನ ಗಿರಣಿಗೆ ಹಾಕಿ ಬೀಸಿದಂಗೆ ಐತಿ” ಎಂದು ಒಳಗೆ ಹೋದಳು. ನನ್ನ ಚಟದ ಬಗ್ಗೆ ನನಗೆ ನಾಚಿಕೆಯಾದದ್ದು ಅದೊಂದೇ ಸಲ.

ಆಗ ಸೊರಬಕ್ಕೆ ಹೇಳಿ ಕಳಿಸಿ ಹಾಲೇಶನನ್ನು ಕರೆಸಿದೆ. ಹಾಲೇಶ ರೇಡಿಯೋ ರಿಪೇರಿಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ಓದಿದ್ದು ಹತ್ತನೇ ತರಗತಿ. ಆದರೆ ಕೆಟ್ಟ ಯಂತ್ರದ ಮುಂದೆ ಅವನು ಕೂರುವ ರೀತಿಯೇ ಬೇರೆ. ವೈದ್ಯರು ನಾಡಿ ಹಿಡಿದಂತೆ ಕಣ್ಣು ಮುಚ್ಚಿ ಕೂರುತ್ತಿದ್ದ. ಎರಡೂ ಯಂತ್ರಗಳನ್ನು ಬಿಚ್ಚಿ ನೋಡಿ ಹೇಳಿದ: “ಅಲ್ಲ ಮಾರಾಯ್ರೆ, ಎರಡರ ನಡುವೆ ತಾಮ್ರದ ತಂತಿ ಇರೋ ತನಕ ನೀವು ಗುಂಡಿಗೆ ವರದಾ ನದಿನೇ ತಿರುಗಿಸಿದ್ರೂ ಈ ಗೂಂ ಹೋಗಲ್ಲ. ತಂತಿಲಿ ಹಾಡೂ ಬರುತ್ತೆ, ಗಿರಣಿನೂ ಬರುತ್ತೆ. ಬೆಳಕಿಗೆ ಗಿರಣಿ ಗೊತ್ತಿಲ್ಲ.”

ಆ ದಿನಗಳಲ್ಲಿ ಶಿರಾಳಕೊಪ್ಪದ ರಸ್ತೆಯ ಬದಿ ಉದ್ದಕ್ಕೂ ಅಗೆದು, ಟೆಲಿಫೋನಿಗಾಗಿ ಗಾಜಿನ ಎಳೆಯ ಕೇಬಲ್ ಹೂಳುತ್ತಿದ್ದರು. ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದ ಜನ ನೀರಿನ ಪೈಪೆಂದು ಸಂತೋಷಪಟ್ಟಿದ್ದರು. ಹಾಲೇಶ ಮಾತ್ರ ಇಳಿದು ಹೋಗಿ, ಕೆಲಸದವರನ್ನು ಮಾತಾಡಿಸಿ, ಬಿಸಾಡಿದ ಒಂದು ತುಂಡು ತಂದಿಟ್ಟುಕೊಂಡಿದ್ದ. ಊರಿಂದ ಊರಿಗೆ ಮಾತು ಬೆಳಕಾಗಿ ಹೋಗುವುದಾದರೆ ನಡುಮನೆಯಿಂದ ಮುಂದಿನ ಕೋಣೆಗೆ ಹಾಡು ಏಕೆ ಹೋಗಬಾರದು ಎಂಬುದು ಅವನ ವಾದ. ಕೂದಲಿಗಿಂತ ಸಣ್ಣ ಆ ಎಳೆಯೊಳಗೆ ಬೆಳಕು ತೂರಿಸಲು ಮೂರು ದಿನ ಹೆಣಗಿ ಸೋತ. ಆಮೇಲೆ ಬೆಂಗಳೂರಿನ ಅಂಗಡಿಯೊಂದಕ್ಕೆ ಬರೆದು, ಮೀನಿನ ಗಾಳದ ದಾರದಷ್ಟು ದಪ್ಪದ ಪ್ಲಾಸ್ಟಿಕ್ ಎಳೆ ತರಿಸಿದ. ನಡುಮನೆಯಲ್ಲಿಟ್ಟ ರೆಕಾರ್ಡರಿನ ಕಡೆ ಒಂದು ಪುಟ್ಟ ಕೆಂಪು ದೀಪ, ಹಾಡಿಗೆ ತಕ್ಕಂತೆ ಅದರ ಬೆಳಕು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಏರಿಳಿಯುತ್ತದೆ. ನನ್ನ ಆಂಪ್ಲಿಫಯರಿನ ಕಡೆ ಬೆಳಕನ್ನು ಮತ್ತೆ ದನಿಯಾಗಿಸುವ ಒಂದು ಕಣ್ಣು. ನಡುವೆ ಹನ್ನೆರಡು ಮೊಳ ಎಳೆ.

ಅಂದು ಭಾನುವಾರ, ಮಧ್ಯಾಹ್ನ. ಹಾಲೇಶ ಮನೆಯ ಟ್ಯೂಬ್‌ಲೈಟೆಲ್ಲ ಆರಿಸಲು ಹೇಳಿದ: “ಅದಕ್ಕೂ ಗೂಂ ಐತ್ರೀ. ನಮ್ಮ ಕಣ್ಣಿಗೆ ಕಾಣಲ್ಲ, ಇದಕ್ಕೆ ಕಾಣುತ್ತೆ.” ಗೋಡೆಯಾಚೆ ಗಿರಣಿ ಭರ್ತಿ ಓಡುತ್ತಿತ್ತು. ನಾನು ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಸ್ಪೀಕರಿಗೆ ಕಿವಿ ಕೊಟ್ಟೆ. ಏನೂ ಇಲ್ಲ! ಹದಿನೆಂಟು ವರ್ಷ ನನ್ನ ಜೊತೆ ಸಂಸಾರ ಮಾಡಿದ ಗೂಂಕಾರ ಹೇಳದೆ ಕೇಳದೆ ಹೊರಟುಹೋಗಿತ್ತು. ಅಂಥ ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ತೊಳೆದಿಟ್ಟ ಕಂಚಿನ ತಟ್ಟೆಯಂತೆ ಇತ್ತು. ಹಾಲೇಶನ ಬೆನ್ನು ತಟ್ಟಲು ಕೈ ಎತ್ತಿದವನು, ಅದು ಸಾಲದೆನ್ನಿಸಿ ಕೈ ಮುಗಿದೆ. “ಹೋಗ್ರೀ” ಎಂದು ಅವನು ನಾಚಿ ನಡುಮನೆಗೆ ಹೋದ.

ಊಟದ ಹೊತ್ತಿಗೆ ಗಿರಣಿ ನಿಂತಿತು. ಗಿರಿಜಾ ಪೆನ್ಸಿಲು, ನೋಟ್‌ಬುಕ್ಕು ಹಿಡಿದು ಸ್ಪೀಕರಿನ ಮುಂದೆ ಚಾಪೆ ಹಾಕಿ ಕೂತಳು, ನಾನು ಪಕ್ಕದಲ್ಲಿ. ನಡುಮನೆಯಲ್ಲಿ ಹಾಲೇಶ ಟೇಪು ಓಡಿಸಿದ. ಮೊದಲು ಬಳೆಗಳ ಸದ್ದು. ಮಾವನವರ ಕೆಮ್ಮು. ಆಮೇಲೆ ಹೆಂಗಸರ ಹಾಡು, ಅದರ ಕೊನೆಗೆ ಅತ್ತೆಯವರ ಒಂಟಿ ದನಿ:

ಬಾವಿಗೆ ಹೋಗುವಾಗ ಹಗ್ಗಾವ ಮರೆತವಳ
ಕೈಯಾಗ ಮನೆಯ ಕೊಡತೇನು – ಗಿರಿಜಾನ
ನಗಬ್ಯಾಡಿ ಬೀಗರು ಹಿರಿಯರು

ಗಿರಿಜಾ ಅಳುತ್ತಾಳೆಂದುಕೊಂಡಿದ್ದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. “ಇವತ್ತಿಗೂ ಮರೀತೀನಲ್ರೀ” ಎಂದಳು.

ಆಗ ನಡುಮನೆಯಲ್ಲಿ ಟೇಪು ಸುರುಳಿಯಿಂದ ಬಿಚ್ಚಿಕೊಂಡು ಬಾಲ ಪಟಪಟ ಬಡಿಯುವುದು ಕೇಳಿಸಿತು. “ಮುಗೀತು ಕಣ್ರೀ!” ಎಂದು ಹಾಲೇಶ ಕೂಗಿದ. ಸ್ವಿಚ್ಚು ಟಕ್ಕೆಂದಿತು, ಪಟಪಟ ನಿಂತಿತು. ಇದೆಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ. ಏಕೆಂದರೆ ಅದಾದ ಮೇಲೂ ಸ್ಪೀಕರಿನಲ್ಲಿ ಅತ್ತೆಯವರು ಹಾಡುತ್ತಿದ್ದರು. ಅದೇ ದನಿ, ಅದೇ ಧಾಟಿ, ಉಸಿರೆಳೆದುಕೊಂಡದ್ದೂ ಕೇಳಿಸಿತು:

ಕತ್ತಲಿಗೆ ಅಂಜುತ್ತ ಸೆರಗ ಹಿಡಿದವಳು
ಹೊಸಿಲಾಚೆ ಬೆಳಕಿಗೆ ನಡೆದಾಳು – ಶೋಭಾ ನೀ
ಕರೆದರೆ ಓ ಅಂದು ಬರುವೇನು

ಎರಡನೆಯ ಸಾಲಿನ ಹೊತ್ತಿಗೆ ಹಾಲೇಶ ಬಾಗಿಲಲ್ಲಿ ಬಂದು ನಿಂತಿದ್ದ. “ಹೆಂಗಿತ್ತು?” ಎಂದು ಕೇಳಲು ಬಂದವನ ಬಾಯಿ ತೆರೆದೇ ಇತ್ತು. ದೀಪದಿಂದ ಕಿತ್ತ ಎಳೆಯ ತುದಿ ಅವನ ಕೈಯಲ್ಲಿತ್ತು.

ಮೊದಲು ಹಾಲೇಶನೇ ಕೇಳಿದ: “ಶೋಭಾ ಅಂದ್ರೆ ಯಾರ್ರೀ?”

ಏನು ಮಾಡಬೇಕೆಂದು ತಿಳಿಯದೆ, ಕಂದಾಯ ಇಲಾಖೆಯವನು ತಿಳಿಯದಾಗ ಮಾಡುವುದನ್ನೇ ಮಾಡಿದೆ: ಸ್ಥಳ ಮಹಜರು ಬರೆದೆ. ಪೂರ್ವಕ್ಕೆ ಗಿರಣಿ ಗೋಡೆ, ಪಶ್ಚಿಮಕ್ಕೆ ಬೀದಿ ಎಂದು ಕೋಣೆಯ ಚಕ್ಕುಬಂದಿ ಸಮೇತ, ಕೇಳಿಸಿದ್ದನ್ನು ಕೇಳಿಸಿದಂತೆ ದಾಖಲಿಸಿದೆ. ಹಾಲೇಶ ರುಜು ಹಾಕಿದ. ಗಿರಿಜಾ ಹಾಕಲಿಲ್ಲ. “ಅವ್ವನ ಮಾತಿಗೆ ಸಾಕ್ಷಿ ಎಂಥಕ್ಕೆ?” ಎಂದಳು. ಅವಳ ನೋಟ್‌ಬುಕ್ಕಿನಲ್ಲಿ ಎರಡನೆಯ ನುಡಿಯ ಮೂರು ಸಾಲೂ ಇದ್ದವು.

ನನ್ನದು ಸಂಶಯದ ಜಾತಕ. ಆ ಸಂಜೆಯೇ ಟೇಪನ್ನು ಏಳು ಸಲ ಹಾಕಿಸಿದೆ, ಎರಡೂ ಬದಿ. ಗಿರಿಜಾಳ ನುಡಿಗೆ ಟೇಪು ಮುಗಿಯುತ್ತದೆ, ಆಚೆ ಒಂದು ಗೇಣೂ ಇಲ್ಲ. ಎಳೆ ಕಿತ್ತು ಹಾಲೇಶನ ಕೈಗೆ ಕೊಟ್ಟು, ಅವನನ್ನು ಅದೇ ಬಾಗಿಲಲ್ಲಿ ನಿಲ್ಲಿಸಿ ನೋಡಿದೆ. ಏನೂ ಬರಲಿಲ್ಲ. ಅವನು ತಲೆ ಕೆರೆದು ಒಂದು ವಿವರಣೆ ಕೊಟ್ಟ: “ತುದಿ ಕಿಟಕಿ ಕಡೆ ಇತ್ರೀ. ಬಿಸಿಲು ಒಳಗೆ ಹೋಗಿರುತ್ತೆ. ಆ ಬಿಸಿಲನ್ನ ಯಾವುದಾದ್ರೂ ದನಿಯಂಗೆ ನಡುಗಿಸಿದ್ರೆ ಈ ಪೆಟ್ಟಿಗೇಲಿ ದನಿ ಬರ್ಬೋದು. ಅದು ಖರೇನೇ.” ಸ್ವಲ್ಪ ತಡೆದು, “ಆದ್ರೆ ನಡುಗಿಸೋರು ಯಾರು?” ಎಂದ.

ನನ್ನ ವಿವರಣೆಗಳೂ ಇದ್ದವು. ಆಸೆಯೇ ಮೂವರ ಕಿವಿಯಲ್ಲಿ ಹಾಡಿರಬಹುದು. ಆದರೆ ಹಾಲೇಶನಿಗೆ ಆ ಆಸೆ ಏಕೆ? ಶೋಭಾಳ ಹೆಸರನ್ನು ನಾನೇ ಅವನಿಗೆ ಎಂದೋ ಹೇಳಿ ಮರೆತಿರಬಹುದು. ಹೇಳಿಲ್ಲವೆಂದು ಪ್ರಮಾಣ ಮಾಡಲಾರೆ. ಗಿರಿಜಾ ತನಗೇ ತಿಳಿಯದಂತೆ ಹಾಡಿರಬಹುದು. ಆದರೆ ಅವಳ ತುಟಿ ನನ್ನ ಕಣ್ಣೆದುರೇ ಇತ್ತು, ಅಲುಗಲಿಲ್ಲ. ಇನ್ನು, ನಮ್ಮ ಮದುವೆಯಲ್ಲಿ ಶೋಭಾ ನಾಲ್ಕು ವರ್ಷದ ಮಗು. ಅವಳ ನುಡಿಯನ್ನು ಅತ್ತೆಯವರು ಅಂದೇ ಹಾಡಿರಲು ಕಾರಣವೇ ಇಲ್ಲ.

ಸೊರಬದಲ್ಲಿ ಅರಿಶಿಣದ ದಿನ ಗಿರಿಜಾ ಹಾಡಿದಳು. ಹಳೆಯ ನುಡಿಗಳು ಮುಗಿದು, ಎಲ್ಲರೂ ನಿಲ್ಲಿಸಿ ಕಣ್ಣೊರೆಸಲು ಸೆರಗಿಗೆ ಕೈ ಹಾಕುವ ಹೊತ್ತಿಗೆ ಅವಳೊಬ್ಬಳೇ ಮುಂದುವರಿಸಿದಳು. ಪದ್ಧತಿಯ ತಕರಾರು ತೆಗೆಯಲು ಬಾಯಿ ತೆರೆದ ಮುದುಕಿಯೊಬ್ಬರು ಮೊದಲ ಸಾಲಿಗೇ ಸುಮ್ಮನಾದರು. ಮುಖದ ತುಂಬ ಅರಿಶಿಣ ಬಳಿದುಕೊಂಡಿದ್ದ ಶೋಭಾ ಅಕ್ಕನ ಕೈ ಹಿಡಿದು, “ಕತ್ತಲಾದ್ರೆ ಅವ್ವನ ಸೆರಗಿಗೆ ನನ್ನ ಲಂಗ ಗಂಟು ಹಾಕ್ಕೊಂಡು ಮಲಗ್ತಿದ್ದೆ. ಅದು ಯಾರಿಗೂ ಗೊತ್ತಿರ್ಲಿಲ್ಲ. ನಿಂಗೆ ಹೇಳಿದ್ದ್ಯಾರಕ್ಕ?” ಎಂದಳು. ಗಿರಿಜಾ ತಂಗಿಯ ಕೆನ್ನೆಗೆ ಇನ್ನಷ್ಟು ಅರಿಶಿಣ ಹಚ್ಚಿದಳು. ಹೇಳಿದ್ದು ಆಮೇಲೆ, ಮದುವೆ ಮುಗಿದ ಮೇಲೆ.

ತಿಂಗಳೊಪ್ಪತ್ತಿನಲ್ಲಿ ಹೊಸ ಜೋಡಿ ನಮ್ಮ ಮನೆಗೆ ಊಟಕ್ಕೆ ಬಂತು. ಶೋಭಾ ಕೈ ತೊಳೆದವಳೇ, “ಭಾವ, ಒಂದ್ಸಲ ಹಾಕ್ರಿ” ಎಂದಳು. ಟೇಪಿನಲ್ಲಿ ಅದಿಲ್ಲ, ಏಳು ಸಲ ನೋಡಿದ್ದೇನೆ, ಸುಮ್ಮನೆ ನಿರಾಸೆ ಎಂದು ಎಚ್ಚರಿಸಿದೆ. ಇರ್ಲಿ ಎಂದಳು. ಈಗ ನನಗೂ ಯಂತ್ರ ನಡೆಸಲು ಬರುತ್ತಿತ್ತು. ಟೇಪು ಹಚ್ಚಿ, ಬಾಗಿಲಲ್ಲಿ ನಿಂತೆ. ಬಳೆ, ಕೆಮ್ಮು, ಹಾಡು, ಗಿರಿಜಾಳ ಹಗ್ಗ. ಟೇಪು ಮುಗಿದು ಬಾಲ ಬಡಿಯತೊಡಗಿತು. ಆರಿಸಲು ತಿರುಗಿದೆ. ಶೋಭಾ ಬೇಡವೆಂದು ಕೈ ತೋರಿಸಿದಳು.

ಕಣ್ಣು ಮುಚ್ಚಿ ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, ಅಡುಗೆಮನೆಯಲ್ಲಿರುವವರನ್ನು ಕರೆದಷ್ಟು ಸಹಜವಾಗಿ, “ಅವ್ವಾ” ಎಂದು ಒಮ್ಮೆ ಕರೆದಳು. ಆಮೇಲೆ ತಲೆ ವಾರೆ ಮಾಡಿ ಆಲಿಸಿದಳು. ಮುಖ ಮೆಲ್ಲಗೆ ಬಿಚ್ಚಿಕೊಂಡಿತು. “ಸಾಕು ಭಾವ, ಆರಿಸ್ರಿ” ಎಂದು ಎದ್ದು, ಗಂಡನಿಗೆ ಎಲೆ ಅಡಿಕೆ ಕೊಡಲು ಹೋದಳು.

ನನಗೆ ಕೇಳಿಸಿದ್ದು ಟೇಪಿನ ಬಾಲ ಬಡಿಯುವ ಸದ್ದೊಂದೇ.