ಸೀರಿಯಸ್ ಅದಾಳ

ಸೀರಿಯಸ್ ಎಂಬುದು ಇಂಗ್ಲಿಷ್ ಮಾತು ಎಂದು ಯಾರಾದರೂ ಹೇಳಿದ್ದರೆ ನಮ್ಮ ಹುಬ್ಬಳ್ಳಿಯ ಓಣಿಯವರು ನಕ್ಕುಬಿಡುತ್ತಿದ್ದರು. ನಾನು ಓದಿನಲ್ಲಿ ಸೀರಿಯಸ್ ಇಲ್ಲವೆಂದು ಅವ್ವ ದಿನಾ ಬೈಯುತ್ತಿದ್ದಳು. ಅಕ್ಕನನ್ನು ನೋಡಲು ಬಂದ ವರ ಒಮ್ಮೆಯೂ ನಗಲಿಲ್ಲ. ಭಾಳ ಸೀರಿಯಸ್ ಮನುಷ್ಯ, ಸಂಸಾರ ಛಲೋ ಮಾಡುತ್ತಾನೆ ಎಂದು ಅವನಿಗೇ ಕೊಟ್ಟು ಬಳ್ಳಾರಿಗೆ ಕಳಿಸಿದರು. ಭಾವ ಇವತ್ತಿಗೂ ನಕ್ಕಿಲ್ಲ. ದುರ್ಗದಬೈಲಿನ ಪೇಟೆಯಲ್ಲಿ ಅವ್ವ ಸೀರೆಗೆ ಅರ್ಧ ಬೆಲೆ ಕೇಳಿದರೆ ಅಂಗಡಿಯವರು, ಸೀರಿಯಸ್ ಆಗಿ ಕೇಳ್ರಿ ಎನ್ನುತ್ತಿದ್ದರು.

ಫೋನಿನಲ್ಲಿ ಈ ಮಾತಿಗೆ ಬೇರೆಯೇ ಕೆಲಸ. ತಾಯಿ ತೀರಿದ ಸುದ್ದಿಯನ್ನು ದೂರದೂರಿನ ಮಗಳಿಗೆ ನಮ್ಮಲ್ಲಿ ನೇರ ಹೇಳುವುದಿಲ್ಲ. ಸೀರಿಯಸ್ ಇದ್ದಾಳೆ, ಲಗೂ ಬಾ ಎನ್ನುತ್ತಾರೆ.

ಹೋದ ವರ್ಷ ಒಂದು ಬೆಳಿಗ್ಗೆ ಅವ್ವ ಚಹಾ ಕುಡಿಯುತ್ತ ಕುಳಿತಲ್ಲೇ ಹೋದಳು. ಅಕ್ಕನಿಗೆ ಫೋನು ಮಾಡುವುದು ನನ್ನ ಪಾಲಿಗೆ ಬಂತು. ಖರೇನೇ ಹೇಳುತ್ತೇನೆ ಎಂದು ಹಟ ಹಿಡಿದೆ. ಕಾಕಾ ಒಪ್ಪಲಿಲ್ಲ.

"ಅಳಿಯಾ ಊರಾಗಿಲ್ಲ. ಒಬ್ಬಾಕಿನ ಬಸ್ಸಿನ್ಯಾಗ ಬರಾಕಿ. ಹಾದ್ಯಾಗ ಎದಿ ಒಡಕೊಂಡ್ರ ಯಾರು ಹಿಡೀತಾರ?"

ಹಿರಿಯರ ಮುಂದೆ ನನ್ನ ಸಿಟ್ಟು ಯಾವತ್ತೂ ನಡೆದಿಲ್ಲ. ಹಲ್ಲು ಕಚ್ಚಿ ಸೀರಿಯಸ್ ಎಂದೆ.

ಅಕ್ಕ ಅಳಲಿಲ್ಲ. "ತಮ್ಮಾ, ಫೋನು ಅವ್ವನ ಕಿವಿಗೆ ಹಿಡಿ. ನಾ ಬರೂತನಕಾ ತಡಿ ಅಂತ ಹೇಳತೇನಿ."

ಅಷ್ಟರಲ್ಲಿ ಅವ್ವನ ಹಣೆಗೆ ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಅಳುತ್ತಿದ್ದ ಹೆಂಗಸರನ್ನು ಕಾಕಾ ಕೈಸನ್ನೆ ಮಾಡಿ ಸುಮ್ಮನಾಗಿಸಿದರು. ನಾನು ಪಕ್ಕದಲ್ಲಿ ಕುಳಿತು ಫೋನು ಹಿಡಿದೆ. ಅಕ್ಕ ಒಂದೇ ಸಮನೆ ಏನೇನೋ ಹೇಳುತ್ತಿದ್ದಳು. ಫೋನು ಅವ್ವನ ಬೆಂಡೋಲೆಗೆ ತಾಗಿ ಸಪ್ಪಳವಾಗುತ್ತಿತ್ತು. ತೆಗೆದು ಇಡಲೂ ಆಗಲಿಲ್ಲ, ಹಿಡಿದಿರಲೂ ಆಗಲಿಲ್ಲ. ಅಷ್ಟು ಅಸಹಾಯಕನಾಗಿ ನಾನು ಎಂದೂ ಕುಳಿತವನಲ್ಲ.

ಅಕ್ಕ ಬಂದಾಗ ಮಧ್ಯಾಹ್ನ ದಾಟಿತ್ತು. ಬಾಗಿಲಲ್ಲಿ ಭಜನೆಯವರನ್ನು ಕಂಡೇ ಅವಳಿಗೆ ತಿಳಿಯಿತು. ಅತ್ತು ಅತ್ತು ಸುಸ್ತಾದ ಮೇಲೆ, ಅವ್ವ ಎಷ್ಟೊತ್ತಿಗೆ ಹೋದಳು ಎಂದು ಕೇಳಿದಳು. ಎಲ್ಲರೂ ನನ್ನ ಮುಖ ನೋಡಿದರು.

"ಈಗ ಒಂದ ತಾಸಾತು," ಎಂದೆ.

"ಹಂಗಾರ ನಾ ಅಂದಿದ್ದು ಕೇಳ್ಯಾಳ."

ತವರಿಗೆ ಬಂದಾಗ ಮಾತಾಡಿಸುವವರಿಗೆಲ್ಲ ಅಕ್ಕ ಈಗಲೂ ಅದನ್ನೇ ಹೇಳುತ್ತಾಳೆ. ಹೇಳಿ, ಸಾಕ್ಷಿಗೆ ನನ್ನ ಕಡೆ ತಿರುಗುತ್ತಾಳೆ. ನಾನು ಹೌದು ಎನ್ನುತ್ತೇನೆ.